ಕೊನೆ ಗೊತ್ತಿದ್ದರೂ ಮತ್ತೆ ಓದುವ ಪುಸ್ತಕ ಯಾವುದು, ಯಾಕೆ?

ಕಾನುಮನೆ:
ಕುವೆಂಪು ಅವರ ಕಾದಂಬರಿ 'ಮಲೆಗಳಲ್ಲಿ ಮದುಮಗಳು' ಮತ್ತೆ ಹಿಡಿದಿದ್ದೇನೆ. ಓದಿದ್ದನ್ನೇ ಎಷ್ಟು ಸಲ ಓದೋದು ಅಂತ ಮನೆಯಲ್ಲಿ ಕೇಳುತ್ತಾರೆ. ಈ ಪ್ರಶ್ನೆ ನಿಮ್ಮಲ್ಲೂ ಕೆಲವರಿಗೆ ಬಂದಿರುತ್ತದೆ, ಅಲ್ವಾ? ನೀವು ತಿರುಗಿ ಓದುವ ಪುಸ್ತಕ ಯಾವುದು, ಯಾಕೆ ಓದುತ್ತೀರಿ?

ನನ್ನದು ಮೊದಲು ಹೇಳುತ್ತೇನೆ. ಕಾಲೇಜಿನಲ್ಲಿ ಓದಿದಾಗ ನನ್ನ ಗಮನವೆಲ್ಲ ಚಿನ್ನಮ್ಮನ ಮೇಲಿತ್ತು. ಅವಳು ಮುಕುಂದಯ್ಯನಿಗೆ ಸಿಗುತ್ತಾಳಾ ಇಲ್ಲವಾ, ಅಷ್ಟೇ. ಅದನ್ನು ತಿಳಿಯುವ ಅವಸರದಲ್ಲಿ ಎಷ್ಟೋ ಪುಟ ಓಡಿಸಿದ್ದೆ. ಈಗ ಐತ, ಪೀಂಚಲು ಬಂದ ಕಡೆ ನಿಲ್ಲುತ್ತೇನೆ. ಘಟ್ಟದ ಕೆಳಗಿನಿಂದ ಕೆಲಸಕ್ಕೆ ಬಂದ ಗಂಡ ಹೆಂಡತಿ ಅವರು. ಕೈಯಲ್ಲಿ ಏನೂ ಇಲ್ಲ. ಆದರೂ ಇಡೀ ಕಾದಂಬರಿಯಲ್ಲಿ ಅವರಷ್ಟು ಖುಷಿಯಾಗಿರುವ ಜೋಡಿ ನನಗಂತೂ ಕಾಣಲಿಲ್ಲ. ಹೆಗ್ಗಡೆಗಳ ದೊಡ್ಡ ಮನೆಗಳಲ್ಲಿ ಇಲ್ಲದ ಸಲಿಗೆ ಅವರ ಬಿಡಾರದಲ್ಲಿದೆ. ಕೊನೆ ಗೊತ್ತಾದ ಮೇಲೂ ನಾವು ಸರಿಯಾಗಿ ನೋಡದೆ ಬಿಟ್ಟ ಜನ ಒಳಗೆ ಉಳಿದಿದ್ದರೆ ಆ ಪುಸ್ತಕವನ್ನು ಮತ್ತೆ ಓದಬೇಕು. ಇದು ನನ್ನ ಲೆಕ್ಕ.

ಒಂದೇ ಓದು:
ನಾನು ಯಾವುದನ್ನೂ ಎರಡನೇ ಸಲ ಓದುವುದಿಲ್ಲ. ಕೆಲಸ, ಮನೆ ಎಲ್ಲ ಮುಗಿಸಿ ಓದಲು ಸಿಗುವ ಹೊತ್ತೇ ಕಡಿಮೆ. ಅದರಲ್ಲಿ ಓದಿದ್ದನ್ನೇ ಓದಿದರೆ ಓದದೇ ಇರುವುದಕ್ಕೆ ಪಾಳಿ ಬರುವುದು ಯಾವಾಗ? ಇಂಥ ಚರ್ಚೆ ಎಲ್ಲಿ ನಡೆದರೂ ಅದೇ ಹೆಸರುಗಳು ಬರುತ್ತವೆ. ಕುವೆಂಪು, ಕಾರಂತ, ಭೈರಪ್ಪ, ತೇಜಸ್ವಿ. ಅವರು ದೊಡ್ಡವರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈಗ ಬರೆಯುತ್ತಿರುವ ಹುಡುಗ ಹುಡುಗಿಯರ ಪುಸ್ತಕಕ್ಕೆ ಮೊದಲ ಓದುಗರೇ ಸಿಗುತ್ತಿಲ್ಲ. ನನಗೆ ನಿಜವಾಗಿ ಬೇಸರ ಇರುವುದು ಅಲ್ಲಿ.

ಕೋಡಿ ಕಡಲು:
ನಮ್ಮ ಕಡೆ ಯಕ್ಷಗಾನಕ್ಕೆ ಹೋಗುವವರಲ್ಲಿ ಕಥೆ ಗೊತ್ತಿಲ್ಲದೆ ಹೋಗುವವರು ಎಷ್ಟು ಜನ ಹೇಳಿ. ಕರ್ಣ ಸಾಯುತ್ತಾನೆ, ದುರ್ಯೋಧನನ ತೊಡೆ ಮುರಿಯುತ್ತದೆ. ಮಕ್ಕಳಿಗೂ ಗೊತ್ತು. ಆದರೂ ಬೆಳಗಿನವರೆಗೆ ಕೂತಿರುತ್ತೇವೆ. ಕುಮಾರವ್ಯಾಸನನ್ನು ಗಮಕದಲ್ಲಿ ಕೇಳುವವರೂ ಮುಂದೇನಾಗುತ್ತದೆ ಅಂತ ಕಾದು ಕೂತವರಲ್ಲ. ಮತ್ತೆ ಕೇಳುವುದೇ ನಮ್ಮಲ್ಲಿ ಮೊದಲಿನಿಂದ ಇರುವ ರೂಢಿ.

ನನ್ನ ಪುಸ್ತಕ ಕಾರಂತರ 'ಮರಳಿ ಮಣ್ಣಿಗೆ'. ಮೂರು ತಲೆಮಾರಿನ ಕಥೆ. ಅಜ್ಜ ರಾಮ ಐತಾಳರು, ಮಗ ಲಚ್ಚ, ಮೊಮ್ಮಗ ರಾಮ. ಮೊದಲು ಓದಿದಾಗ ಮೊಮ್ಮಗ ರಾಮನ ಕಥೆ ಅಂತಲೇ ಓದಿದೆ. ಮದರಾಸಿಗೆ ಹೋಗಿ ಓದಿದ, ಚಳವಳಿಗೆ ಇಳಿದ, ಕೊನೆಗೆ ಊರಿಗೆ ಬಂದ. ಈಗ ಓದಿದರೆ ಅದು ಪಾರೋತಿ, ಸರಸೋತಿ, ನಾಗವೇಣಿಯರ ಕಥೆ. ಐತಾಳರ ಹೆಂಡತಿ ಪಾರೋತಿ, ವಿಧವೆಯಾಗಿ ಅಣ್ಣನ ಮನೆಯಲ್ಲಿ ಉಳಿದ ಸರಸೋತಿ. ಗದ್ದೆಯ ಕೆಲಸದಿಂದ ಸೌದೆ ಕೂಡಿಡುವವರೆಗೆ ಎಲ್ಲವೂ ಅವರ ಮೈಮೇಲೆ. ಲಚ್ಚ ಮನೆ ಹಾಳು ಮಾಡಿದ ಮೇಲೆ ಉಳಿದದ್ದನ್ನು ಹಿಡಿದು ನಿಲ್ಲಿಸಿದವಳು ಅವನ ಹೆಂಡತಿ ನಾಗವೇಣಿ. ಹೆಂಗಸರ ಕೆಲಸ ಕಾರಂತರು ಪುಟಗಟ್ಟಲೆ ಬರೆದಿದ್ದಾರೆ. ನಾನು ಅದನ್ನು ಸುಮ್ನೆ ಊರಿನ ವರ್ಣನೆ ಅಂದುಕೊಂಡು ದಾಟಿಕೊಂಡಿದ್ದೆ. ಸ್ವತಃ ಒಂದು ಮನೆ ನಡೆಸತೊಡಗಿದ ಮೇಲೆ ಅದೇ ಕಥೆ ಅನ್ನಿಸಿತು.

ಒಂದೇ ಓದು:
ಕೋಡಿಯವರೇ, ಯಕ್ಷಗಾನದ ಹೋಲಿಕೆ ಪೂರ್ತಿ ಕೂಡುವುದಿಲ್ಲ. ಅಲ್ಲಿ ಪ್ರಸಂಗ ಅದೇ ಆದರೂ ವೇಷಧಾರಿ ಬೇರೆ, ಮಾತು ಬೇರೆ, ಭಾಗವತರು ಬೇರೆ. ವೇಷವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ತಾಳಮದ್ದಳೆಯಲ್ಲಂತೂ ಪಾತ್ರದ ಮಾತಾಡುವ ಅರ್ಥಧಾರಿ ಬದಲಾದರೆ ಕೃಷ್ಣನೇ ಬದಲಾಗುತ್ತಾನೆ. ಅಚ್ಚಾದ ಪುಸ್ತಕದಲ್ಲಿ ಒಂದು ಅಕ್ಷರವೂ ಬದಲಾಗುವುದಿಲ್ಲ. ಬದಲಾದದ್ದು ನಿಮ್ಮ ವಯಸ್ಸು, ನಿಮ್ಮ ಅನುಭವ. ಹಾಗಿದ್ದರೆ ಅದು ಪುಸ್ತಕದ ಗುಣ ಹೇಗಾಯಿತು? ಯಾವ ಪುಸ್ತಕ ಕೊಟ್ಟರೂ ಅಷ್ಟೇ ಆಗಬೇಕಲ್ಲ?

ಜೇನುಗೂಡು:
ಇದು ಒಳ್ಳೆಯ ಪ್ರಶ್ನೆ. ಆದರೆ ಹಾಗಾಗುವುದಿಲ್ಲ. ಹೈಸ್ಕೂಲಿನಲ್ಲಿ ನಿದ್ದೆಗೆಟ್ಟು ಓದಿದ ಪತ್ತೇದಾರಿ ಕಾದಂಬರಿಗಳನ್ನು ಈಚೆಗೆ ಮತ್ತೆ ತೆಗೆದೆ. ಕೊಲೆಗಾರ ಯಾರು ಅಂತ ನೆನಪಾದ ಕೂಡಲೇ ಓದುವುದಕ್ಕೆ ಏನೂ ಉಳಿಯಲಿಲ್ಲ. ವಯಸ್ಸು ನನ್ನದೇ, ಅನುಭವವೂ ನನ್ನದೇ. ಪುಸ್ತಕದಲ್ಲಿ ಹಿಡಿಯಲು ಏನೂ ಇರಲಿಲ್ಲ, ಅಷ್ಟೇ.

ತೇಜಸ್ವಿಯವರ 'ಕರ್ವಾಲೊ' ತೆಗೆದುಕೊಳ್ಳಿ. ಇದೂ ಒಂದು ರೀತಿ ಹುಡುಕಾಟದ ಕಥೆಯೇ. ಹಾರುವ ಓತಿಯನ್ನು ಹುಡುಕಿಕೊಂಡು ಒಂದು ತಂಡ ಕಾಡಿಗೆ ಹೋಗುತ್ತದೆ. ಕೊನೆಗೆ ಅದು ಕಾಣುತ್ತದೆ, ಆದರೆ ಕೈಗೆ ಸಿಗದೆ ಕಣಿವೆಯ ಕಡೆ ತೇಲಿ ಹೋಗುತ್ತದೆ. ಇದು ಗೊತ್ತಿದ್ದೂ ನಾನು ಓದುವುದು ಮಂದಣ್ಣನಿಗಾಗಿ. ಜೇನು ಹಿಡಿಯುವ ಮಂದಣ್ಣ ಊರವರಿಗೆ ದಡ್ಡ. ಮೂಡಿಗೆರೆಯ ವಿಜ್ಞಾನಿ ಕರ್ವಾಲೊ ಒಬ್ಬರಿಗೇ ಅವನ ಕಣ್ಣಿನ ಬೆಲೆ ಗೊತ್ತು. ಮಂದಣ್ಣ ಮದುವೆಗೆ ಒದ್ದಾಡುತ್ತಾನೆ, ಸಾರಾಯಿ ಕೇಸಿನಲ್ಲಿ ಸಿಕ್ಕಿಕೊಳ್ಳುತ್ತಾನೆ. ಓತಿಯ ಸುದ್ದಿ ಇದರ ನಡುವೆ ಮೆಲ್ಲಗೆ ಬರುತ್ತದೆ. ಮೊದಲ ಸಲ ಓದುವಾಗ ಇದೆಲ್ಲ ತಮಾಷೆ. ಎರಡನೇ ಸಲ, ಕಥೆ ಹೇಳುವವನೂ ಮಂದಣ್ಣನನ್ನು ಊರವರ ಕಣ್ಣಿನಲ್ಲೇ ನೋಡುತ್ತಿದ್ದ, ಅವನೇ ನಿಧಾನಕ್ಕೆ ಬದಲಾಗುತ್ತಿದ್ದಾನೆ ಅಂತ ಕಾಣುತ್ತದೆ. 1980ರಲ್ಲಿ ಬಂದ ಪುಸ್ತಕ. ತುಂಬ ದೊಡ್ಡದೂ ಅಲ್ಲ. ಹೊತ್ತಿಲ್ಲ ಅನ್ನುವವರಿಗೂ ಒಂದು ಭಾನುವಾರ ಸಾಕು.

ತಿಪಟೂರು ತೋಟ:
ಎಲ್ಲರೂ ಮತ್ತೆ ಓದುವ ಪುಸ್ತಕದ ಬಗ್ಗೆ ಹೇಳುತ್ತಿದ್ದೀರಿ. ನಾನು ಮತ್ತೆ ಓದಲಾಗದ ಪುಸ್ತಕದ ಬಗ್ಗೆ ಹೇಳುತ್ತೇನೆ. 'ಗೃಹಭಂಗ'. ನನ್ನ ಕಣ್ಣಿಗೆ ಭೈರಪ್ಪನವರ ಪುಸ್ತಕಗಳಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ನಂಜಮ್ಮನ ಗಂಡ ಚೆನ್ನಿಗರಾಯನಿಗೆ ಶ್ಯಾನುಭೋಗಿಕೆ ಬರುವುದಿಲ್ಲ, ಲೆಕ್ಕ ಬರೆಯುವವಳು ಅವಳೇ. ಮುತ್ತುಗದ ಎಲೆ ಹಚ್ಚಿ ಮಕ್ಕಳನ್ನು ಸಾಕುತ್ತಾಳೆ. ಅತ್ತೆ ಗಂಗಮ್ಮನ ಬಾಯಿ ಒಂದು ಕಡೆ. ಆಮೇಲೆ ಪ್ಲೇಗ್ ಬರುತ್ತದೆ. ಬೆಳೆದ ಮಗಳು, ಮಗ ಇಬ್ಬರೂ ಹೋಗುತ್ತಾರೆ.

ಆ ಊರು, ಆ ಮಾತು ನಮ್ಮದೇ. ನಮ್ಮಜ್ಜಿ ಪ್ಲೇಗಿನ ಕಾಲದಲ್ಲಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದದ್ದನ್ನು ಹೇಳುತ್ತಿದ್ದರು. ಹಾಗಾಗಿ ಆ ಅಧ್ಯಾಯ ನನಗೆ ಕಥೆ ಅಲ್ಲ. ಮೊದಲ ಸಲ ಅವಳಿಗೆ ಏನಾದರೂ ಒಳ್ಳೆಯದಾಗಬಹುದು ಅಂತ ಆಸೆ ಇತ್ತು, ಆ ಆಸೆಯಲ್ಲೇ ಓದಿದೆ. ಈಗ ಆ ಆಸೆ ಇಲ್ಲ. ಮೊದಲ ಪುಟದಲ್ಲೇ ಎಲ್ಲ ಗೊತ್ತು. ಕೊನೆ ಗೊತ್ತಿದ್ದರೆ ತೊಂದರೆ ಇಲ್ಲ ಅನ್ನುವವರು ಇದಕ್ಕೆ ಏನು ಹೇಳುತ್ತೀರಿ?

ಕಾನುಮನೆ:
ತಿಪಟೂರಿನವರೇ, ನಿಮ್ಮ ಮಾತು ನನಗೆ ತಟ್ಟಿತು. ಆದರೆ ಕೊನೆ ಗೊತ್ತಿರುವುದೇ ಕೆಲವು ಪುಟಗಳಿಗೆ ಜಾಸ್ತಿ ಜೀವ ಕೊಡುತ್ತದೆ. 'ಮಲೆಗಳಲ್ಲಿ ಮದುಮಗಳು' ಶುರುವಿನಲ್ಲೇ ಗುತ್ತಿ ಬರುತ್ತಾನೆ, ಜೊತೆಗೆ ಅವನ ನಾಯಿ ಹುಲಿಯ. ಮೊದಲ ಓದಿನಲ್ಲಿ ಅದೊಂದು ನಾಯಿ, ಅಷ್ಟೇ. ಕೊನೆಯಲ್ಲಿ ತುಂಗೆಯ ನೆರೆಯಲ್ಲಿ ಆ ನಾಯಿಗೆ ಏನಾಗುತ್ತದೆ ಅಂತ ತಿಳಿದು ಓದಿ ನೋಡಿ. ಗುತ್ತಿ ಅದನ್ನು ಗದರಿಸುವುದು, ಅದು ಅವನ ಹಿಂದೆ ಮುಂದೆ ಓಡುವುದು, ಒಂದೊಂದು ಸಾಲೂ ಬೇರೆ ಆಗುತ್ತದೆ. ನನಗೆ ದುಃಖವಾಗುತ್ತದೆ, ನಿಜ. ಆದರೆ ಆ ದುಃಖಕ್ಕೆ ಹೆದರಿ ಬಿಟ್ಟರೆ ಹುಲಿಯನ ಜೊತೆ ನಡೆಯುವ ಅಷ್ಟೂ ಪುಟ ತಪ್ಪಿಹೋಗುತ್ತವೆ. ನಂಜಮ್ಮನ ಮಟ್ಟಿಗೂ ಹಾಗೇ ಅನ್ನಿಸುತ್ತದೆ ನನಗೆ. ಅವಳು ಲೆಕ್ಕದ ಪುಸ್ತಕದ ಮುಂದೆ ಧೈರ್ಯವಾಗಿ ಕೂರುವ ಭಾಗವನ್ನಾದರೂ ಮತ್ತೆ ಓದಿ.

ಮೊದಲ ಬೆಂಚು:
ನಾನು ಈ ಕಾದಂಬರಿಯನ್ನು ಈಗ ಮೊದಲ ಸಲ ಓದುತ್ತಿದ್ದೇನೆ, ಅರ್ಧ ಆಗಿದೆ. ಹುಲಿಯ ನನಗೆ ತುಂಬ ಇಷ್ಟವಾಗಿತ್ತು. ಕೊನೆ ಹೇಳುವ ಮುಂಚೆ ಒಂದು ಸೂಚನೆ ಕೊಡಬಹುದಿತ್ತು.

ಒಂದೇ ಓದು:
ನೋಡಿದಿರಾ? ಕೊನೆ ಮುಖ್ಯ ಅಲ್ಲದಿದ್ದರೆ ಇವರಿಗೆ ಯಾಕೆ ಬೇಸರವಾಗಬೇಕು? ಮೊದಲ ಓದಿನಲ್ಲಿ ಮಾತ್ರ ಸಿಗುವುದು ಒಂದಿದೆ. ಅದು ಒಮ್ಮೆ ಹೋದರೆ ಹೋಯಿತು. ನಾನು ಹೊಸ ಪುಸ್ತಕಗಳಲ್ಲಿ ಹುಡುಕುವುದು ಅದನ್ನೇ.

ಕಾಫಿ ಹೌಸ್:
ಹೊಸ ಪುಸ್ತಕ ಕೇಳಿದಿರಲ್ಲ, ಒಂದು ಹೇಳುತ್ತೇನೆ. ಕೊನೆ ಹೇಳುವುದಿಲ್ಲ. ವಿವೇಕ ಶಾನಭಾಗರ 'ಘಾಚರ್ ಘೋಚರ್', 2013ರದ್ದು. ಚಿಕ್ಕ ಪುಸ್ತಕ. ಕಾಫಿ ಹೌಸಿನಲ್ಲಿ ಕೂತ ಒಬ್ಬ ತನ್ನ ಮನೆಯ ಕಥೆ ಹೇಳುತ್ತಾನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರದಿಂದ ದಿಢೀರನೆ ದುಡ್ಡು ಬಂದ ಮನೆ ಅದು. ಮುಗಿದಾಗ ನನಗೆ, ಏನಾಯಿತು, ನಿಜವಾಗಿ ಆಯಿತಾ ಅಂತ ಅನುಮಾನ ಉಳಿಯಿತು. ಅವತ್ತೇ ಮೊದಲ ಪುಟಕ್ಕೆ ಹೋದೆ. ಇರುವೆಗಳ ಮೇಲೆ ಆ ಮನೆಯವರು ಸಿಟ್ಟು ತೀರಿಸಿಕೊಳ್ಳುವ ಭಾಗವಿದೆ. ಮೊದಲ ಸಲ ನಕ್ಕಿದ್ದೆ, ಎರಡನೇ ಸಲ ಮೈ ಜುಮ್ಮೆಂದಿತು. ಮನೆಯವರು ಒಟ್ಟಿಗೆ ಕೂತು ಆಡುವ ಮಾತುಗಳಲ್ಲಿ ಎಲ್ಲವೂ ಮೊದಲೇ ಇತ್ತು. ಈ ಪುಸ್ತಕಕ್ಕೆ ಎರಡನೇ ಓದೇ ನಿಜವಾದ ಓದು. ಇದನ್ನು ಒಂದೇ ಸಲ ಓದಿ ಕೆಳಗಿಟ್ಟವರು ಪೂರ್ತಿ ಓದಿದ್ದಾರೆ ಅಂತ ನಾನು ಒಪ್ಪುವುದಿಲ್ಲ.

ಕಬಿನಿ:
ಇಷ್ಟು ಹೊತ್ತಾದರೂ ಯಾರೂ 'ಕುಸುಮಬಾಲೆ' ಹೆಸರು ತೆಗೆಯಲಿಲ್ಲವಲ್ಲ. ದೇವನೂರ ಮಹಾದೇವರ ಪುಸ್ತಕ, 1984. ನಂಜನಗೂಡು ಸೀಮೆಯ ಆಡುಮಾತಿನಲ್ಲಿದೆ. ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ. ಆದರೂ ಹತ್ತು ಪುಟ ಓದಿ ಬಿಟ್ಟವರು ನನಗೆ ಗೊತ್ತಿರುವವರಲ್ಲೇ ಬೇಕಾದಷ್ಟು ಜನ. ಭಾಷೆ ಗೊತ್ತಿಲ್ಲ, ಕಥೆ ಯಾವ ಕಡೆ ಹೋಗುತ್ತಿದೆ ತಿಳಿಯುವುದಿಲ್ಲ, ರಾತ್ರಿಯಾದರೆ ದೀಪದ ಜೋತಮ್ಮಂದಿರು ಒಂದೆಡೆ ಸೇರಿ ಮಾತಾಡುತ್ತಾರೆ. ಧಾರವಾಡದ, ಮಂಗಳೂರಿನ ಗೆಳೆಯರಿಗೆ ನಾನು ಹೇಳುವುದು ಇಷ್ಟೇ. ಮೊದಲ ಸಲ ಅರ್ಥವಾಗದಿದ್ದರೆ ಬಿಡಿ, ಗಟ್ಟಿಯಾಗಿ ಓದಿ. ಚೆನ್ನನಿಗೆ ಏನಾಯಿತು ಅನ್ನುವುದು ಗೊತ್ತಾದ ಮೇಲೆ ಎರಡನೇ ಸಲ ಓದಿ. ಆಗ ಆ ಮಾತು ಹಾಡಿನ ಹಾಗೆ ಕೇಳುತ್ತದೆ. ಯಕ್ಷಗಾನಕ್ಕೆ ಇರುವುದು ಅಚ್ಚಾದ ಪುಸ್ತಕಕ್ಕಿಲ್ಲ ಅಂದರಲ್ಲ, ಬಾಯಿಬಿಟ್ಟು ಓದಿದರೆ ಇದಕ್ಕೂ ಇದೆ. ನಾನು ಓದಿದ್ದಕ್ಕೂ ನಮ್ಮ ಅತ್ತೆ ಓದಿದ್ದಕ್ಕೂ ಅಜಗಜಾಂತರ.

ತಿಪಟೂರು ತೋಟ:
ಕಾನುಮನೆಯವರೇ, ಪುಸ್ತಕ ಕಪಾಟಿನಿಂದ ತೆಗೆದಿಟ್ಟಿದ್ದೇನೆ. ಪ್ಲೇಗಿನ ಅಧ್ಯಾಯ ಓದುವುದಿಲ್ಲ. ಅದನ್ನು ಬಿಟ್ಟು ಓದಿದರೆ ನಂಜಮ್ಮನಿಗೆ ಅನ್ಯಾಯ ಮಾಡಿದಂತೆ ಅಂತ ಒಳಗೊಳಗೇ ಕೊರೆಯುತ್ತದೆ. ಆದರೂ ಸದ್ಯಕ್ಕೆ ಇಷ್ಟೇ ನನ್ನಿಂದ ಆಗುವುದು.

ಒಂದೇ ಓದು:
'ಘಾಚರ್ ಘೋಚರ್' ಒಂದು ಸಲ ಓದಿದ್ದೇನೆ, ಇರುವೆಯ ಭಾಗ ನೆನಪಿದೆ. ಅದನ್ನು ಮತ್ತೆ ಓದುವ ಬದಲು 'ಕುಸುಮಬಾಲೆ'ಯನ್ನು ಮೊದಲ ಸಲ ಓದುತ್ತೇನೆ, ಕಬಿನಿಯವರು ಹೇಳಿದ ಹಾಗೆ ಗಟ್ಟಿಯಾಗಿಯೇ. ಆದರೆ ನನ್ನ ಬೇಡಿಕೆ ಹಾಗೇ ಇದೆ. ಇಲ್ಲಿ ಬಂದ ಪುಸ್ತಕಗಳಲ್ಲಿ ಎಲ್ಲಕ್ಕಿಂತ ಹೊಸದು 2013ರದ್ದು. ಅದರ ನಂತರ ಬಂದ ಒಂದು ಕನ್ನಡ ಪುಸ್ತಕವನ್ನು ಯಾರಾದರೂ ಎರಡು ಸಲ ಓದಿದ್ದರೆ ಹೆಸರು ಹೇಳಿ, ಯಾಕೆ ಅಂತಲೂ ಬರೆಯಿರಿ. ನಾನು ದುಡ್ಡು ಕೊಟ್ಟು ತರಿಸುತ್ತೇನೆ.