3ಡಿ ರೆಂಡರ್‌ನಲ್ಲಿ ಸೀಲಿಂಗ್ ಮೇಲೆ ಕಲೆ ಕಲೆ, ಆನಿಮೇಷನ್ ಮಾಡಿದ್ರೆ ಕುದೀತಾ ಇರೋ ತರ ಕಾಣುತ್ತೆ

ಪ್ರಶ್ನೆ: ನಮಸ್ಕಾರ ಸರ್, ತುಮಕೂರಲ್ಲಿ ಇಂಟೀರಿಯರ್ ಕೆಲ್ಸ ಮಾಡ್ತೀನಿ. ಒಂದು 2 ಬಿಎಚ್‌ಕೆ ಹಾಲ್, 3ಡಿಎಸ್ ಮ್ಯಾಕ್ಸ್ (3ಡಿ ಮಾಡೆಲ್ ಮಾಡೋ ಸಾಫ್ಟ್‌ವೇರ್) ಜೊತೆ ವಿ-ರೇ ನೆಕ್ಸ್ಟ್ (ಅದ್ರಿಂದ ಚಿತ್ರ ತೆಗೆಯೋ ರೆಂಡರರ್), ಪುಟಿಯೋ ಬೆಳಕಿನ ಲೆಕ್ಕಕ್ಕೆ ಪ್ರೈಮರಿ ಇರೇಡಿಯನ್ಸ್ ಮ್ಯಾಪ್ ಲೋ, ಸೆಕೆಂಡರಿ ಲೈಟ್ ಕ್ಯಾಶ್ 500. ಬಿಳಿ ಸೀಲಿಂಗ್ ಮೇಲೆ ಮಳೆಗಾಲದಲ್ಲಿ ತೇವ ಹಿಡಿದಂಗೆ ಕಲೆ ಬರ್ತಿದೆ, ಕ್ಲೈಂಟ್ ನೋಡಿ ಮೇಲಿನ ಮನೆ ಬಾತ್‌ರೂಮ್ ಲೀಕೇಜಾ ಅಂತ ಕೇಳಿದ್ರು. ವಾಕ್‌ಥ್ರೂ (ಮನೆಯೊಳಗೆ ಕ್ಯಾಮೆರಾ ಓಡಾಡೋ ಆನಿಮೇಷನ್) 250 ಫ್ರೇಮ್ ಇದೆ, ಅದ್ರಲ್ಲಂತೂ ಕಲೆಗಳು ಅನ್ನ ಕುದಿಯೋ ಹಾಗೆ ಓಡಾಡ್ತವೆ. ಹೈ ಪ್ರಿಸೆಟ್ ಹಾಕ್ಲಾ? ಡಿನಾಯ್ಸರ್ (ಚಿತ್ರದ ಕಾಳು ಒರೆಸೋ ಫಿಲ್ಟರ್) ಹಾಕ್ಲಾ?

ಉತ್ತರ: ಎರಡೂ ಬೇಡ, ಮೊದ್ಲು ಕಲೆ ಎಲ್ಲಿಂದ ಬರ್ತಿದೆ ನೋಡಿ. ರೆಂಡರ್ ಎಲಿಮೆಂಟ್ಸ್‌ಗೆ (ಬೆಳಕನ್ನ ಬಿಡಿಬಿಡಿಯಾಗಿ ತೋರ್ಸೋ ಪದರಗಳು) ಹೋಗಿ ಗ್ಲೋಬಲ್ ಇಲ್ಯೂಮಿನೇಷನ್ (ಜಿಐ, ಪುಟಿದು ಬರೋ ಬೆಳಕು), ಲೈಟಿಂಗ್ (ನೇರ ಬೆಳಕು) ಎರಡನ್ನೂ ಸೇರ್ಸಿ ಒಂದೇ ಫ್ರೇಮ್ ತೆಗೀರಿ. ಲೈಟಿಂಗ್‌ನಲ್ಲಿ ಕಾಳು ಕಾಳಾಗಿ ಕಂಡ್ರೆ ಅದು ಸ್ಯಾಂಪ್ಲಿಂಗ್ ಸಮಸ್ಯೆ (ಲೆಕ್ಕಕ್ಕೆ ಕಿರಣ ಸಾಲ್ತಿಲ್ಲ), ಜಿಐನಲ್ಲಿ ದೊಡ್ಡ ದೊಡ್ಡ ಮಚ್ಚೆ ಕಂಡ್ರೆ ಬೇರೆ ಕಥೆ. ಕಿಟಕಿ ಬೆಳಕು ನೆಲಕ್ಕೆ ಬಿದ್ದು ಅಲ್ಲಿಂದ ಮೇಲಕ್ಕೆ ಪುಟಿಯುತ್ತಲ್ವಾ, ಸೀಲಿಂಗ್‌ಗೆ ನೇರ ಬೆಳಕೇ ಇಲ್ಲ, ಅದಕ್ಕೇ ತಪ್ಪೆಲ್ಲ ಅಲ್ಲೇ ಎದ್ದು ಕಾಣೋದು. ಇರೇಡಿಯನ್ಸ್ ಮ್ಯಾಪ್ ಕೆಲವು ಬಿಂದುಗಳಲ್ಲಿ ಮಾತ್ರ ಲೆಕ್ಕ ಹಾಕಿ ಮಧ್ಯದ ಜಾಗನ ಹರಡಿಸಿ ತುಂಬುತ್ತೆ, ಒಂದು ಬಿಂದುವಿನ ಲೆಕ್ಕ ತಪ್ಪಿದ್ರೂ ಸುತ್ತ ಒಂದು ಮಚ್ಚೆ. ಕೋವ್ (ಸೀಲಿಂಗ್ ಅಂಚಲ್ಲಿ ಲೈಟ್ ಬಚ್ಚಿಡೋ ಗೂಡು) ಒಳಗೆ ಏನ್ ಹಾಕಿದೀರ?

ಪ್ರಶ್ನೆ: ಹೌದು ಸರ್, ಜಿಐನಲ್ಲೇ ಇದೆ. ಕೋವ್‌ಗೆ ಸಣ್ಣ ಬಾಕ್ಸ್ ಮಾಡಿ ವಿ-ರೇ ಲೈಟ್ ಮೆಟೀರಿಯಲ್ (ತಾನೇ ಬೆಳಗೋ ಮೆಟೀರಿಯಲ್) ಹಾಕಿದೀನಿ.

ಉತ್ತರ: ಅಲ್ಲೇ ಇದೆ ನೋಡಿ. ಆ ಮೆಟೀರಿಯಲ್‌ನಲ್ಲಿ ಡೈರೆಕ್ಟ್ ಇಲ್ಯೂಮಿನೇಷನ್ ಆನ್ ಮಾಡಿಲ್ಲ ಅಂದ್ರೆ ವಿ-ರೇ ಅದನ್ನ ಲೈಟ್ ಅಂತ ಲೆಕ್ಕಕ್ಕೇ ತಗೊಳಲ್ಲ, ಜಿಐ ಕಿರಣಗಳು ಅಲ್ಲಿ ಇಲ್ಲಿ ಹೋಗ್ತಾ ಬೆರಳಗಲದ ಪಟ್ಟಿಗೆ ತಗುಲಿದ್ರೆ ತಗುಲ್ತು, ಇಲ್ಲಾಂದ್ರೆ ಇಲ್ಲ. ತಗುಲಿದ ಕಡೆ ಬೆಳಕಿನ ಮಚ್ಚೆ, ತಪ್ಪಿದ ಕಡೆ ಕಪ್ಪು. ಕೋವ್ ಉದ್ದಕ್ಕೂ ತೆಳ್ಳಗೆ ವಿ-ರೇ ಪ್ಲೇನ್ ಲೈಟ್ ಇಟ್ಬಿಡಿ, ಅರ್ಧ ಕಲೆ ಅಲ್ಲೇ ಹೋಗುತ್ತೆ. ಇನ್ನೊಂದು, ಸೀಲಿಂಗ್ ಬರೀ ಪ್ಲೇನ್ ಆಗಿದ್ರೆ ಸ್ಲ್ಯಾಬ್ ತರ ದಪ್ಪ ಕೊಟ್ಟು ಗೋಡೆಯಿಂದ ಸ್ವಲ್ಪ ಹೊರಗೆ ಚಾಚಿ, ದಪ್ಪ ಇಲ್ದಿದ್ರೆ ಹೊರಗಿನ ಬಿಸಿಲಿನ ಸ್ಯಾಂಪಲ್ ಒಳಗಿನ ಜೊತೆ ಬೆರೆತು ಮೂಲೇಲಿ ಬೆಳಕು ಸೋರುತ್ತೆ.

ಆನಿಮೇಷನ್‌ನಲ್ಲಿ ಕುದಿಯೋದು ಯಾಕಂದ್ರೆ ಸಿಂಗಲ್ ಫ್ರೇಮ್ ಮೋಡ್‌ನಲ್ಲಿ ಪ್ರತಿ ಫ್ರೇಮ್‌ಗೂ ಮ್ಯಾಪ್ ಹೊಸದಾಗಿ ಲೆಕ್ಕ ಆಗುತ್ತೆ, ಮಚ್ಚೆ ಪ್ರತಿ ಸಲ ಬೇರೆ ಜಾಗದಲ್ಲಿ ಕೂರುತ್ತೆ. ಕ್ಯಾಮೆರಾ ಮಾತ್ರ ಓಡ್ತಿದ್ರೆ ಮಲ್ಟಿಫ್ರೇಮ್ ಇನ್‌ಕ್ರಿಮೆಂಟಲ್ ಮೋಡ್‌ನಲ್ಲಿ (ಹಳೇ ಮ್ಯಾಪ್‌ಗೇ ಸೇರಿಸ್ತಾ ಹೋಗುತ್ತೆ) 10 ಫ್ರೇಮ್‌ಗೊಂದರಂತೆ ಮ್ಯಾಪ್ ಮಾಡಿ ಸೇವ್ ಮಾಡ್ಕೊಳ್ಳಿ, ಆಮೇಲೆ ಫ್ರಮ್ ಫೈಲ್ ಇಟ್ಟು 250 ಫ್ರೇಮೂ ತೆಗೀರಿ.

ಪ್ರಶ್ನೆ: ಸರ್, ಫ್ಯಾನ್ ತಿರುಗ್ತಿದೆ...

ಉತ್ತರ: ಹಾಗಾದ್ರೆ ಸೇವ್ ಮಾಡಿದ ಮ್ಯಾಪ್ ಬೇಡ, ಫ್ಯಾನ್ ಮುಂದೆ ಹೋದ್ರೂ ಅದರ ಮಸುಕು ನೆರಳು ಸೀಲಿಂಗ್‌ಗೆ ಅಂಟ್ಕೊಂಡೇ ಇರುತ್ತೆ. ಪ್ರೈಮರಿ ಬ್ರೂಟ್ ಫೋರ್ಸ್ (ಮಧ್ಯದ ಜಾಗ ಹರಡಿಸದೆ ಎಲ್ಲಾ ಕಡೆ ಲೆಕ್ಕ ಹಾಕೋ ವಿಧಾನ) ಮಾಡಿ, ಲೈಟ್ ಕ್ಯಾಶ್ 3000, ಅದರ ರಿಟ್ರೇಸ್ 8. ಟೈಮ್ ಹಿಡಿಯುತ್ತೆ, ಆದ್ರೆ ಮಚ್ಚೆ ಬದ್ಲು ಸಣ್ಣ ಕಾಳು ಬರುತ್ತೆ, ಆ ಕಾಳಿಗೆ ಡಿನಾಯ್ಸರ್ ಸರಿಹೋಗುತ್ತೆ. ಅಷ್ಟು ಟೈಮ್ ಇಲ್ಲ ಅಂದ್ರೆ ಫ್ಯಾನ್ ನಿಲ್ಲಿಸ್ಲಾ ಅಂತ ಕ್ಲೈಂಟ್‌ನ ಒಂದ್ಮಾತು ಕೇಳಿ, ನಾನಂತೂ ಕೇಳ್ತೀನಿ.

ಪ್ರಶ್ನೆ: ಕೋವ್ ಬದ್ಲಾಯಿಸಿ ಒಂದು ಸ್ಟಿಲ್ ತೆಗ್ದೆ ಸರ್, ಸೀಲಿಂಗ್ ಕ್ಲೀನ್! ಟಿವಿ ಯೂನಿಟ್ ಮೇಲಿನ ಮೂಲೇಲಿ ಒಂದು ಗೆರೆ ಉಳ್ದಿದೆ, ಸ್ಲ್ಯಾಬ್‌ಗೆ ದಪ್ಪ ಕೊಟ್ಟು ರಾತ್ರಿ ಹಾಕ್ತೀನಿ.