ರೇಷ್ಮೆ ಹುಳ ಹಣ್ಣಾಗುವ ವಾರ ಮಗನನ್ನು ಯಾರು ನೋಡಿಕೊಳ್ಳುತ್ತಾರೆ?

ರೇಷ್ಮೆಮನೆ, ಶಿಡ್ಲಘಟ್ಟ
ಮಗನಿಗೆ ಹನ್ನೊಂದು ವರ್ಷ, ಸೆರೆಬ್ರಲ್ ಪಾಲ್ಸಿ. ತಿನ್ನಿಸಬೇಕು, ಎತ್ತಿ ಕೂರಿಸಬೇಕು, ಫಿಟ್ಸ್ ಮಾತ್ರೆ ಹೊತ್ತಿಗೆ ಸರಿಯಾಗಿ ಕೊಡಬೇಕು. ಬೇರೆ ದಿನ ಹೇಗೋ ಆಗುತ್ತದೆ. ಆದರೆ ರೇಷ್ಮೆ ಹುಳ ನಾಲ್ಕನೇ ಜ್ವರ (ಪೊರೆ ಬಿಡುವುದು) ಎದ್ದ ಮೇಲೆ ಎಷ್ಟು ಸೊಪ್ಪು ಹಾಕಿದರೂ ಸಾಲದು, ಹಣ್ಣಾಗಿ ಗೂಡು ಕಟ್ಟಲು ಸಿದ್ಧವಾದವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಡುವ ತನಕ ನಮ್ಮಿಬ್ಬರಿಗೂ ನಿದ್ದೆ ಇಲ್ಲ. ಅತ್ತೆಗೆ ಅವನನ್ನು ಎತ್ತೋಕೆ ಆಗಲ್ಲ. ನೆಂಟರು ಹಾಸ್ಟೆಲ್‌ಗೆ ಸೇರಿಸಿಬಿಡಿ ಅನ್ನುತ್ತಾರೆ. ಅದು ಬೇಡ. ಆ ಕೆಲವು ದಿನ ನೋಡಿಕೊಳ್ಳುವವರು ಸಿಕ್ಕರೆ ಸಾಕು. ಅಂಥ ವ್ಯವಸ್ಥೆ ಇದೆಯಾ?

ಟೀಚರಕ್ಕ, ಚಿಂತಾಮಣಿ
ಇದೆ, ರೆಸ್ಪೈಟ್ ಕೇರ್ ಅನ್ನುತ್ತಾರೆ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ 'ಸಮರ್ಥ್' ಅಂತ ಯೋಜನೆ ಇದೆ. ಸೆರೆಬ್ರಲ್ ಪಾಲ್ಸಿ, ಆಟಿಸಂ, ಬುದ್ಧಿಮಾಂದ್ಯತೆ, ಬಹುವಿಧ ಅಂಗವೈಕಲ್ಯ ಇರುವವರಿಗೆ. ನೋಂದಾಯಿತ ಸಂಸ್ಥೆಗಳು ನಡೆಸುತ್ತವೆ, ಎಲ್ಲ ಊರಲ್ಲೂ ಇರುವುದಿಲ್ಲ. ಮೊದಲು ನಿಮ್ಮ ಗ್ರಾಮ ಪಂಚಾಯ್ತಿಯ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ನಾವೆಲ್ಲ ವಿಆರ್‌ಡಬ್ಲ್ಯೂ ಅನ್ನುತ್ತೇವಲ್ಲ, ಅವರನ್ನೇ. ಹತ್ತಿರದಲ್ಲಿ ಯಾರು ಸ್ವಲ್ಪ ದಿನಕ್ಕೆ ಮಕ್ಕಳನ್ನು ಇಟ್ಟುಕೊಳ್ಳುತ್ತಾರೆ ಅಂತ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿಸಿ. ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಮಾಡಿಸಿದ್ದೀರಾ? 'ನಿರಾಮಯ' ಆರೋಗ್ಯ ವಿಮೆಯನ್ನೂ ಮಾಡಿಸಿ, 1 ಲಕ್ಷ ರೂಪಾಯಿವರೆಗೆ ಸಿಗುತ್ತದೆ.

ತಂಗಿಯ ಅಣ್ಣ, ಗೌರಿಬಿದನೂರು
ಕೇಂದ್ರ ಸಿಗುವವರೆಗೆ ಕಾಯಬೇಡಿ. ಪಕ್ಕದ ಮನೆಯವರನ್ನೋ ಚಿಕ್ಕಮ್ಮನನ್ನೋ ಈಗಲೇ ತಯಾರು ಮಾಡಿ, ಚಾಕಿ (ಮರಿಹುಳ) ಕಟ್ಟುವ ಮುಂಚೆಯೇ. ಮೊದಲು ನೀವಿರುವಾಗಲೇ ಬಂದು ಒಂದು ಹೊತ್ತು ತಿನ್ನಿಸಲಿ, ನೀವು ಸುಮ್ನೆ ಕೂತು ನೋಡಿ, ಆಮೇಲೆ ಸ್ವಲ್ಪ ಹೊತ್ತು ತೋಟಕ್ಕೆ ಹೋಗಿ ಬನ್ನಿ, ಹೀಗೆ ನಿಧಾನವಾಗಿ ಜಾಸ್ತಿ ಮಾಡಿ. ಯಾವ ಮಾತ್ರೆ ಎಷ್ಟು ಗಂಟೆಗೆ, ಊಟ ಎಷ್ಟು ಮೆತ್ತಗಿರಬೇಕು, ನೋವಾದರೆ ಅವನು ಹೇಗೆ ತೋರಿಸುತ್ತಾನೆ, ಎಲ್ಲ ಬರೆದು ಗೋಡೆಗೆ ಅಂಟಿಸಿ. ಮಲಗಿಸಿಕೊಂಡು ತಿನ್ನಿಸಬಾರದು ಅಂತ ದೊಡ್ಡದಾಗಿ ಬರೆಯಿರಿ, ಶ್ವಾಸಕೋಶಕ್ಕೆ ಇಳಿದರೆ ಕಷ್ಟ. ಫಿಟ್ಸ್ ಬಂದರೆ ನಮ್ಮ ಕಡೆ ಮೊದಲು ಕೈಗೆ ಕಬ್ಬಿಣ ಕೊಡುತ್ತಾರೆ ಅಲ್ವಾ, ಅದರಿಂದ ಏನೂ ಆಗಲ್ಲ. ಮಗ್ಗುಲಿಗೆ ತಿರುಗಿಸಿ, ಬಾಯಿಗೆ ಏನೂ ಹಾಕಬಾರದು, 5 ನಿಮಿಷ ದಾಟಿದರೆ 108ಕ್ಕೆ ಫೋನ್.

ಹೂದೋಟ, ಚಿಕ್ಕಬಳ್ಳಾಪುರ
ಅಕ್ಕ, ಬರುವವರಿಗೆ ಕೂಲಿ ಕೊಡಿ. ಸೊಪ್ಪು ಕೊಯ್ಯುವವರಿಗೆ ಕೊಡುವುದಿಲ್ವಾ, ಇದೂ ಮೈ ಬಗ್ಗಿಸಿ ಮಾಡುವ ಕೆಲಸವೇ. ಋಣ ಅಂತ ಇಟ್ಟುಕೊಂಡರೆ ಮುಂದಿನ ಬೆಳೆಗೆ ಕೇಳೋಕೆ ನಿಮಗೇ ಮುಜುಗರ. ಮತ್ತೆ ಬೆಳೆ ಇಲ್ಲದಾಗಲೂ ಅವರನ್ನು ಕರೆಯಿರಿ, ನೀವು ಒಂದು ಮಧ್ಯಾಹ್ನ ನೆಮ್ಮದಿಯಾಗಿ ಮಲಗಿ. ಅದಕ್ಕೆ ಯಾರಿಗೂ ಕಾರಣ ಹೇಳಬೇಕಿಲ್ಲ.

ರೇಷ್ಮೆಮನೆ
ಯುಡಿಐಡಿ ಇದೆ. ನಾಳೆ ಪಂಚಾಯ್ತಿಗೆ ಹೋಗುತ್ತೇನೆ. ನಾದಿನಿ ಬರುತ್ತೇನೆ ಅಂದಿದ್ದಾಳೆ, ಆದರೆ ಅವನನ್ನು ಎತ್ತುವಾಗ ಸೊಂಟ ಹಿಡಿಯದ ಹಾಗೆ ಹೇಗೆ ಎತ್ತಬೇಕು ಅಂತ ಯಾರಾದರೂ ಹೇಳಿಕೊಡುತ್ತಾರಾ?

ಟೀಚರಕ್ಕ
ಫಿಸಿಯೋಥೆರಪಿಗೆ ಹೋಗುವಾಗ ನಾದಿನಿಯನ್ನೂ ಕರೆದುಕೊಂಡು ಹೋಗಿ. ನಾದಿನಿಯ ಕೈಯಲ್ಲೇ ಎತ್ತಿಸಿ ಕಲಿಸಿಕೊಡಿ ಅಂತ ಕೇಳಿ.