ಓಡ್ತಿರೋ ವಿಎಂ ಸ್ನ್ಯಾಪ್‌ಶಾಟ್ ತೆಗೀಬಹುದಾ, ಆಫ್ ಮಾಡ್ಲೇಬೇಕಾ?

ಕುಶಾಲನಗರದವ:
ಎಲ್ರಿಗೂ ನಮಸ್ಕಾರ. ಕಾಫಿ ಕ್ಯೂರಿಂಗ್ ವರ್ಕ್ಸ್ ಒಂದ್ರಲ್ಲಿ ಸಿಸ್ಟಮ್ ಎಲ್ಲ ನಾನೇ ನೋಡ್ಕೊಳ್ಳೋದು. ಒಂದೇ ಸರ್ವರ್, ಅದ್ರಲ್ಲಿ ವಿಎಂ (ಸರ್ವರ್ ಒಳಗೇ ಓಡೋ ವರ್ಚುವಲ್ ಕಂಪ್ಯೂಟರ್) ಓಡಿಸೋ ಪ್ರಾಕ್ಸ್‌ಮಾಕ್ಸ್ ಹಾಕಿದೀನಿ, ಅಕೌಂಟ್ಸ್‌ಗೆ ವಿಂಡೋಸ್ ವಿಎಂ ಒಂದು, ತೂಕದ ಲೆಕ್ಕಕ್ಕೆ ಮೈಎಸ್‌ಕ್ಯೂಎಲ್ ಡೇಟಾಬೇಸ್ ಇರೋ ಉಬುಂಟು ವಿಎಂ ಒಂದು. ಅಪ್‌ಡೇಟ್‌ಗೆ ಮುಂಚೆ ಸ್ನ್ಯಾಪ್‌ಶಾಟ್ ಬೇಕು, ಏನಾದ್ರೂ ಕೆಟ್ರೆ ಆ ಕ್ಷಣದ ಸ್ಥಿತಿಗೆ ವಾಪಸ್ ಹೋಗೋಕೆ, ಆದ್ರೆ ಈಗ ರೊಬಸ್ಟಾ ಕೊಯ್ಲು, ಸಂಜೆ ಏಳಾದ್ರೂ ಚೆರಿ ಮೂಟೆ ಹೇರ್ಕೊಂಡು ಪಿಕಪ್‌ಗಳು ಕಾಟಾ ಮುಂದೆ ನಿಂತಿರ್ತವೆ, ಆಫ್ ಮಾಡಿದ್ರೆ ತೂಕದ ಚೀಟಿನೇ ಬರಲ್ಲ. ಹಾಗೇ ತೆಗೆದ್ರೆ ಡೇಟಾ ಕೆಡುತ್ತಾ?

ಮಂಜಿನೂರು:
ತೆಗೆಯೋದ್ರಿಂದ ಏನೂ ಕೆಡಲ್ಲ ಅಣ್ಣ, ವಾಪಸ್ ಹೋದಾಗ ಏನು ಸಿಗುತ್ತೆ ಅನ್ನೋದೇ ಪ್ರಶ್ನೆ. ರ್‍ಯಾಮ್ ಸೇರಿಸದೆ ತೆಗೆದ್ರೆ ಸಿಗೋದು ದಿಢೀರ್ ಕರೆಂಟ್ ಹೋದಾಗ ಇರೋಂಥ ಡಿಸ್ಕ್. ಜುಲೈ ಮಳೇಲಿ ಲೈನ್ ಮೇಲೆ ಮರ ಬಿದ್ದು, ಯುಪಿಎಸ್ಸೂ ಕೈಕೊಟ್ಟು, ಆಮೇಲೆ ಸರ್ವರ್ ಆನ್ ಮಾಡಿದಾಗ ಮೈಎಸ್‌ಕ್ಯೂಎಲ್ ಟೇಬಲ್ ಇಡೋ ಇನ್ನೋಡಿಬಿ ಎಂಜಿನ್ ತಾನೇ ರಿಕವರಿ ಮಾಡ್ಕೊಂಡು ಏಳುತ್ತಲ್ಲ, ಇಲ್ಲೂ ಅಷ್ಟೇ. ಹಳೇ ಮೈಐಸ್ಯಾಮ್ ಎಂಜಿನ್‌ನ ಟೇಬಲ್ ಇದ್ರೆ ಹುಷಾರು, ಅದಕ್ಕೆ ಆ ಶಕ್ತಿ ಇಲ್ಲ. ಎರಡೂ ವಿಎಂ ಒಳಗೆ ಗೆಸ್ಟ್ ಏಜೆಂಟ್ (ಪ್ರಾಕ್ಸ್‌ಮಾಕ್ಸ್ ಮಾತು ಕೇಳೋ ಚಿಕ್ಕ ಪ್ರೋಗ್ರಾಂ) ಹಾಕಿ, ಪ್ರಾಕ್ಸ್‌ಮಾಕ್ಸ್ ಆಪ್ಷನ್ಸ್‌ನಲ್ಲೂ ಆನ್ ಮಾಡಿ, ಆಗ ಸ್ನ್ಯಾಪ್‌ಶಾಟ್ ಹೊತ್ತಿಗೆ ಒಂದು ಕ್ಷಣ ಫೈಲ್‌ಸಿಸ್ಟಮ್ ಫ್ರೀಜ್ ಆಗುತ್ತೆ, ಅಂದ್ರೆ ಡಿಸ್ಕ್‌ಗೆ ಬರೆಯೋದು ನಿಲ್ಲುತ್ತೆ, ವಿಂಡೋಸ್‌ನಲ್ಲಿ ಇದು ಅದರದೇ ವಿಎಸ್‌ಎಸ್ ಸೇವೆ ಮೂಲಕ. ಇದಕ್ಕೆ ಒಂದ್ಸಲ ವಿಎಂ ಪೂರ್ತಿ ಆಫ್ ಮಾಡಿ ಆನ್ ಮಾಡ್ಬೇಕು, ಒಳಗಿಂದ ರೀಸ್ಟಾರ್ಟ್ ಮಾಡಿದ್ರೆ ಸಾಲದು.

ವಿರಾಜಪೇಟೆ ಹುಡುಗ:
ನಾನಾದ್ರೆ ಅಕೌಂಟ್ಸ್ ವಿಎಂ ಆಫ್ ಮಾಡೇ ತೆಗೀತೀನಿ. ಫೈಲ್‌ಸಿಸ್ಟಮ್ ಫ್ರೀಜ್ ಆಯ್ತು ಅಂದ್ರೆ ಅಕೌಂಟೆಂಟ್ ಅರ್ಧ ಎಂಟ್ರಿ ಮಾಡಿರೋ ಬಿಲ್ ಸೇವ್ ಆಯ್ತು ಅಂತಲ್ಲ. ಮೂರು ನಿಮಿಷದ ಕೆಲಸ, ಅವರು ಊಟಕ್ಕೆ ಹೋದಾಗ ಮಾಡಿ. ಇನ್ನೊಂದು, ಕೆಲಸ ಮುಗಿದ ಕೂಡ್ಲೇ ಸ್ನ್ಯಾಪ್‌ಶಾಟ್ ಅಳಿಸಿ. ಹೋದ ವರ್ಷ ನಾನು ಎರಡು ತಿಂಗಳು ಹಾಗೇ ಬಿಟ್ಟಿದ್ದೆ, ಎಲ್‌ವಿಎಂ ಥಿನ್ ಪೂಲ್ (ಎಲ್ಲಾ ವಿಎಂ ಹಂಚ್ಕೊಳ್ಳೋ ಡಿಸ್ಕ್ ಜಾಗ) ತುಂಬಿ ಬೆಳಿಗ್ಗೆ ಒಂಬತ್ತಕ್ಕೆ ಎಲ್ಲಾ ವಿಎಂ ಒಟ್ಟಿಗೆ ನಿಂತ್ವು, ಹೊಟ್ಟೆ ತಳಮಳ ಅಂದ್ರೆ ಅದು.

ಮಂಜಿನೂರು:
ಹೌದು, ಅದು ಸರಿ. ಮತ್ತೆ ರ್‍ಯಾಮ್ ಸೇರಿಸಿ ತೆಗೆದಿದ್ರೆ ವಾಪಸ್ ಹೋದಾಗ ಒಳಗಿನ ಗಡಿಯಾರ ಹಳೇ ಟೈಮೇ ತೋರಿಸ್ಬಹುದು, ಚೀಟಿ ಹೊಡೆಯೋ ಮುಂಚೆ ಟೈಮ್ ನೋಡ್ಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಮಧ್ಯಾಹ್ನದ ಸ್ನ್ಯಾಪ್‌ಶಾಟ್‌ಗೆ ಸಂಜೆ ವಾಪಸ್ ಹೋದ್ರೆ ನಡುವೆ ತೂಗಿದ ಅಷ್ಟೂ ಮೂಟೆ ಲೆಕ್ಕ ಹೋಯ್ತು, ಬೆಳೆಗಾರರಿಗೆ ಏನು ಹೇಳ್ತೀರಿ? ಡೇಟಾಬೇಸ್‌ನ ಪ್ರತಿ ತೆಗೆಯೋ ಮೈಎಸ್‌ಕ್ಯೂಎಲ್‌ಡಂಪನ್ನ ಸಿಂಗಲ್ ಟ್ರಾನ್ಸಾಕ್ಷನ್ ಆಪ್ಷನ್ ಹಾಕಿ ಓಡಿಸಿ, ಆ ಪ್ರತೀನ ಬೇರೆ ಡಿಸ್ಕ್‌ಗೆ ಹಾಕಿ, ಸ್ನ್ಯಾಪ್‌ಶಾಟ್ ಇರೋದು ವಿಎಂ ಇರೋ ಡಿಸ್ಕ್‌ನಲ್ಲೇ.

ಕುಶಾಲನಗರದವ:
ನೋಡ್ದೆ, ಎಲ್ಲಾ ಟೇಬಲ್ ಇನ್ನೋಡಿಬಿನೇ. ಇವತ್ತು ಕೊನೇ ಗಾಡಿ ಹೋದ್ಮೇಲೆ ಎರಡನ್ನೂ ಆಫ್ ಮಾಡಿ ಏಜೆಂಟ್ ಕೆಲಸ ಮುಗಿಸ್ತೀನಿ, ಆಫ್ ಇದ್ದಾಗ್ಲೇ ಮೊದಲ ಸ್ನ್ಯಾಪ್‌ಶಾಟ್. ಡಂಪ್‌ಗೆ ಯುಎಸ್‌ಬಿ ಡಿಸ್ಕ್ ತರಿಸ್ತಿದೀನಿ. ತುಂಬಾ ಥ್ಯಾಂಕ್ಸ್ ಇಬ್ರಿಗೂ.